ಮನೆಯ ಜಾಲದಲ್ಲಿ ಉಪಜಾಲಗಳ ನಡುವಿನ ಫೈರ್‌ವಾಲ್: ತಡೆ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ಮನೆಗೊಂದು ಗಣಕಯಂತ್ರ, ಅದಕ್ಕೊಂದು ಅಂತರಜಾಲ ಸಂಪರ್ಕ ಎಂಬ ಕಾಲ ಮುಗಿದು ಬಹಳ ವರ್ಷಗಳಾದವು. ಇಂದು ಸಾಧಾರಣ ಕುಟುಂಬವೊಂದರ ವೈ-ಫೈಗೆ ಮೊಬೈಲ್‌ಗಳು, ಲ್ಯಾಪ್‌ಟಾಪ್, ಟಿವಿ, ಮುದ್ರಕ, ಬಾಗಿಲ ಬಳಿಯ ಸಿಸಿಟಿವಿ ಕ್ಯಾಮೆರಾ ಎಲ್ಲವೂ ಜೋಡಣೆಗೊಂಡಿರುತ್ತವೆ. ಬ್ಯಾಂಕ್ ವ್ಯವಹಾರ ನಡೆಯುವ ಲ್ಯಾಪ್‌ಟಾಪ್ ಹಾಗೂ ಅಗ್ಗದ ಕ್ಯಾಮೆರಾ ಒಂದೇ ಜಾಲದಲ್ಲಿ ಇರುವುದು ಕ್ಷೇಮವಲ್ಲ ಎಂಬ ಅರಿವಿನಿಂದ ಹಲವರು ಮನೆಯ ಜಾಲವನ್ನು ಉಪಜಾಲಗಳಾಗಿ ವಿಂಗಡಿಸಿ, ನಡುವೆ ಫೈರ್‌ವಾಲ್ ನಿಯಮಗಳನ್ನು ಹಾಕಿಕೊಳ್ಳುತ್ತಿದ್ದಾರೆ. ತೊಂದರೆ ಆರಂಭವಾಗುವುದು ಆ ಬಳಿಕ. ಮುದ್ರಕ ಕಾಣಿಸುವುದಿಲ್ಲ, ಕ್ಯಾಮೆರಾದ ಚಿತ್ರ ತೆರೆಯುವುದಿಲ್ಲ, ಟಿವಿಗೆ ಚಿತ್ರ ಕಳುಹಿಸಲಾಗುವುದಿಲ್ಲ. ಮನೆಮಂದಿಯ ದೂರು ಹೆಚ್ಚಿದಾಗ ಯಜಮಾನರು ಬೇಸತ್ತು 'ಎಲ್ಲರಿಗೂ ಎಲ್ಲೆಡೆಗೂ ಅನುಮತಿ' ಎಂಬ ಒಂದು ನಿಯಮ ಬರೆದು ಕೈತೊಳೆದುಕೊಳ್ಳುತ್ತಾರೆ. ಮುದ್ರಕ ಕೆಲಸ ಮಾಡುತ್ತದೆ. ಆದರೆ ಜಾಲವನ್ನು ವಿಂಗಡಿಸಿದ ಉದ್ದೇಶವೇ ಅಲ್ಲಿಗೆ ಮಣ್ಣುಪಾಲಾಗಿರುತ್ತದೆ.

ಇಂತಹ ಸಂದರ್ಭದಲ್ಲಿ ಗೋಡೆಯನ್ನೇ ಕೆಡಹುವ ಬದಲು, ತಡೆ ಎಲ್ಲಿದೆ ಎಂಬುದನ್ನು ಕ್ರಮವಾಗಿ ಹುಡುಕುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ವಿಂಗಡಣೆ ಏಕೆ ಬೇಕು?

2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದ ಹಲವು ಜಾಲತಾಣಗಳು ಗಂಟೆಗಟ್ಟಲೆ ತೆರೆಯದೇ ಹೋದವು. ಅವುಗಳ ಹೆಸರನ್ನು ವಿಳಾಸಕ್ಕೆ ಪರಿವರ್ತಿಸಿ ಕೊಡುತ್ತಿದ್ದ 'ಡಿನ್' ಸಂಸ್ಥೆಯ ಮೇಲೆ ನಡೆದ ದಾಳಿ ಇದಕ್ಕೆ ಕಾರಣ. ದಾಳಿಗೆ ಬಳಕೆಯಾದದ್ದು ದೊಡ್ಡ ಗಣಕಗಳಲ್ಲ. ಮನೆ, ಅಂಗಡಿಗಳ ಕ್ಯಾಮೆರಾಗಳು, ವಿಡಿಯೋ ದಾಖಲಿಸುವ ಪೆಟ್ಟಿಗೆಗಳು ಹಾಗೂ ರೂಟರ್‌ಗಳು. 'ಮಿರಾಯ್' ಎಂಬ ದುಷ್ಟ ತಂತ್ರಾಂಶವು, ತಯಾರಕರು ಇಟ್ಟ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಸಾಧನಗಳನ್ನು ಹುಡುಕಿ ವಶಪಡಿಸಿಕೊಂಡಿತ್ತು. ಅದನ್ನು ರಚಿಸಿದ ಮೂವರು ಯುವಕರು 2017ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡದ್ದು ಬಹಿರಂಗವಾಯಿತು. ಆದರೆ ಅದರ ಮೂಲಸಂಕೇತ ಅಷ್ಟರಲ್ಲಾಗಲೇ ಸಾರ್ವಜನಿಕವಾಗಿತ್ತು; ಅದರ ರೂಪಾಂತರಗಳು ಮುಂದೆಯೂ ಹುಟ್ಟಿಕೊಂಡವು.

ವಶವಾದ ಕ್ಯಾಮೆರಾ ಹೊರಗಿನವರ ಮೇಲೆ ದಾಳಿ ಮಾಡುವುದು ಒಂದು ಅಪಾಯ. ಅದೇ ಜಾಲದಲ್ಲಿರುವ ಕುಟುಂಬದ ಲ್ಯಾಪ್‌ಟಾಪ್, ಅದರೊಳಗಿನ ಕಡತ, ಛಾಯಾಚಿತ್ರಗಳತ್ತ ಕೈಚಾಚುವುದು ಇನ್ನೊಂದು. ಕ್ಯಾಮೆರಾವನ್ನು ಬೇರೆ ಉಪಜಾಲದಲ್ಲಿ ಇಟ್ಟು, ಅಲ್ಲಿಂದ ಮನೆಯ ಗಣಕಗಳತ್ತ ಬರುವ ದಾರಿಯನ್ನು ಮುಚ್ಚುವುದು ಈ ಎರಡನೆಯ ಅಪಾಯಕ್ಕೆ ಉತ್ತರ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲ.

ಉದಾಹರಣೆಯ ಮನೆ

ವಿವರಣೆಯ ಅನುಕೂಲಕ್ಕಾಗಿ ಮೂರು ಉಪಜಾಲಗಳಿರುವ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಕುಟುಂಬದ ಗಣಕ, ಮೊಬೈಲ್‌ಗಳು 192.168.10.0/24ರಲ್ಲಿವೆ. ಕ್ಯಾಮೆರಾ, ಟಿವಿ, ಮುದ್ರಕ 192.168.20.0/24ರಲ್ಲಿವೆ. ಅತಿಥಿಗಳ ವೈ-ಫೈ 192.168.30.0/24ರಲ್ಲಿದೆ. '/24' ಎಂದರೆ ವಿಳಾಸದ ಮೊದಲ ಮೂರು ಅಂಕಿಗಳು ಉಪಜಾಲದ ಗುರುತು, ಕೊನೆಯದು ಸಾಧನದ ಗುರುತು ಎಂದರ್ಥ, 255.255.255.0 ಎಂಬ ಸಬ್‌ನೆಟ್ ಮಾಸ್ಕ್ ಹೇಳುವುದೂ ಇದನ್ನೇ. ಇಂತಹ ಒಂದು ಉಪಜಾಲದಲ್ಲಿ 254 ಸಾಧನಗಳಿಗೆ ವಿಳಾಸ ದೊರೆಯುತ್ತದೆ. 192.168ರಿಂದ ಆರಂಭವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆಂದೇ ಮೀಸಲಿಡಲಾಗಿದ್ದು, 1996ರ ಫೆಬ್ರವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 1918 ಎಂಬ ದಾಖಲೆ ಇದಕ್ಕೆ ಆಧಾರ.

ಮೂರೂ ಉಪಜಾಲಗಳಿಗೆ ರೂಟರ್ ಒಂದೇ. ಪ್ರತಿ ಉಪಜಾಲದಲ್ಲೂ ಅದಕ್ಕೆ ಒಂದೊಂದು ವಿಳಾಸವಿರುತ್ತದೆ: 192.168.10.1, 192.168.20.1, 192.168.30.1. ಇವೇ ಆಯಾ ಉಪಜಾಲದ ಗೇಟ್‌ವೇ, ಅಂದರೆ ಹೊರಹೋಗುವ ಹೆಬ್ಬಾಗಿಲು.

ಇಲ್ಲಿ ಗಮನಿಸಬೇಕಾದ ಮೂಲ ಅಂಶವೊಂದಿದೆ. ಒಂದೇ ಉಪಜಾಲದ ಎರಡು ಸಾಧನಗಳು ಪರಸ್ಪರ ನೇರವಾಗಿ ಮಾತನಾಡುತ್ತವೆ. ಆ ಮಾತು ರೂಟರ್‌ನ ಫೈರ್‌ವಾಲ್ ಮೂಲಕ ಹಾದುಹೋಗುವುದಿಲ್ಲ. ಉಪಜಾಲ ದಾಟುವ ಮಾತು ಮಾತ್ರ ಹೆಬ್ಬಾಗಿಲಿಗೆ ಬರುತ್ತದೆ. ಆದುದರಿಂದ ಕ್ಯಾಮೆರಾ ಮತ್ತು ಟಿವಿ ಎರಡೂ 20ರಲ್ಲಿದ್ದರೆ, ಅವುಗಳ ನಡುವೆ ತಡೆ ಹಾಕುವ ನಿಯಮ ಬರೆದರೂ ಪರಿಣಾಮ ಶೂನ್ಯ.

ಮೊದಲ ಹಂತ: ಸಾಧನ ಎಲ್ಲಿದೆ?

ನಿಯಮಗಳ ಪಟ್ಟಿಗೆ ಕೈಹಾಕುವ ಮುನ್ನ ಎರಡೂ ಸಾಧನಗಳ ವಿಳಾಸ, ಮಾಸ್ಕ್ ಹಾಗೂ ಗೇಟ್‌ವೇಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ವಿಂಡೋಸ್‌ನಲ್ಲಿ 'ಐಪಿಕಾನ್ಫಿಗ್' ಆದೇಶ, ಮೊಬೈಲ್‌ನಲ್ಲಿ ವೈ-ಫೈ ವಿವರಗಳ ಪುಟ ಇವನ್ನು ತೋರಿಸುತ್ತದೆ. ಫೈರ್‌ವಾಲ್‌ನ ದೋಷವೆಂದು ಭಾವಿಸಲಾದ ಅನೇಕ ತೊಂದರೆಗಳು ಈ ಹಂತದಲ್ಲೇ ಬಯಲಾಗುತ್ತವೆ.

ಮುದ್ರಕದ ವಿಳಾಸ 20ರ ಬದಲು 30ರಲ್ಲಿದ್ದರೆ ಅದು ಅತಿಥಿಗಳ ವೈ-ಫೈಗೆ ಸೇರಿಕೊಂಡಿದೆ, ಇಲ್ಲವೇ ಸ್ವಿಚ್‌ನ ಆ ಪೋರ್ಟಿಗೆ ತಪ್ಪು ವಿಎಲ್ಎಎನ್ ಸಂಖ್ಯೆ ಕೊಡಲಾಗಿದೆ ಎಂದರ್ಥ. ವಿಳಾಸವು 169.254ರಿಂದ ಆರಂಭವಾಗಿದ್ದರೆ, ರೂಟರ್‌ನಿಂದ ವಿಳಾಸವೇ ದೊರೆಯದೆ ಸಾಧನವು ತಾನೇ ಒಂದನ್ನು ಇಟ್ಟುಕೊಂಡಿದೆ. ಮಾಸ್ಕ್ 255.255.0.0 ಎಂದಿದ್ದರೆ ಸಾಧನವು 20ರ ಉಪಜಾಲವನ್ನೂ ತನ್ನದೇ ಮನೆ ಎಂದು ತಿಳಿದು, ಹೆಬ್ಬಾಗಿಲಿಗೆ ಹೋಗದೆ ಪಕ್ಕದಲ್ಲೇ ಕೂಗುತ್ತಿರುತ್ತದೆ, ಉತ್ತರ ಬರುವುದಿಲ್ಲ. ಆಗ ಅಂತರಜಾಲ ಸರಿಯಾಗಿ ಸಿಗುತ್ತದೆ, ಪಕ್ಕದ ಉಪಜಾಲ ಮಾತ್ರ ಸಿಗುವುದಿಲ್ಲ ಎಂಬುದು ಈ ದೋಷದ ವಿಶಿಷ್ಟ ಲಕ್ಷಣ.

ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್‌ನಲ್ಲಿ ಕಚೇರಿಯ ವಿಪಿಎನ್ ಚಾಲನೆಯಲ್ಲಿದ್ದರೆ, ಬೇರೆ ಉಪಜಾಲಕ್ಕೆ ಹೋಗಬೇಕಾದ ಮಾತೆಲ್ಲವೂ ಕಚೇರಿಯತ್ತ ಹರಿದು ಹೋಗುವ ಸಾಧ್ಯತೆ ಇದೆ. ಪರೀಕ್ಷೆಗೆ ಮುನ್ನ ಅದನ್ನು ನಿಲ್ಲಿಸಿ ನೋಡುವುದು ಒಳಿತು.

ಎರಡನೆಯ ಹಂತ: ಹೆಜ್ಜೆ ಹೆಜ್ಜೆಗೂ ಪಿಂಗ್

'ಪಿಂಗ್' ಎಂಬ ಉಪಕರಣವನ್ನು ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ರಚಿಸಿದರು. ನಾಲ್ಕು ದಶಕಗಳು ಕಳೆದರೂ ಜಾಲದ ತೊಂದರೆ ಹುಡುಕುವವರ ಕೈಗೆ ಮೊದಲು ಬರುವುದು ಅದೇ. ಕುಟುಂಬದ ಲ್ಯಾಪ್‌ಟಾಪ್‌ನಿಂದ ಈ ಅನುಕ್ರಮದಲ್ಲಿ ಪಿಂಗ್ ಮಾಡಬೇಕು: ಮೊದಲು 192.168.10.1, ಬಳಿಕ 192.168.20.1, ಕೊನೆಗೆ ಕ್ಯಾಮೆರಾದ ವಿಳಾಸ, ಉದಾಹರಣೆಗೆ 192.168.20.50.

ಮೊದಲನೆಯದೇ ವಿಫಲವಾದರೆ ಸಂಪರ್ಕ ಅಥವಾ ವಿಳಾಸದ ದೋಷವನ್ನು ಮೊದಲು ಶಂಕಿಸಬೇಕು. ಮೊದಲೆರಡು ಯಶಸ್ವಿಯಾಗಿ ಮೂರನೆಯದು ವಿಫಲವಾದರೆ ಆತುರದ ತೀರ್ಮಾನ ಬೇಡ. 20.1 ಎಂಬುದು ರೂಟರ್‌ನದೇ ವಿಳಾಸವಾದುದರಿಂದ ಅದು ಉತ್ತರಿಸಿತೆಂದ ಮಾತ್ರಕ್ಕೆ 20ರೊಳಗೆ ಪ್ರವೇಶ ದೊರೆಯಿತು ಎಂದಲ್ಲ.

ಈಗ ರೂಟರ್‌ನ ನಿರ್ವಹಣಾ ಪುಟದಲ್ಲಿರುವ ಪಿಂಗ್ ಸೌಲಭ್ಯದಿಂದ ಅದೇ ಕ್ಯಾಮೆರಾವನ್ನು ಪಿಂಗ್ ಮಾಡಬೇಕು. ರೂಟರ್‌ನಿಂದ ಉತ್ತರ ಬಂದು ಲ್ಯಾಪ್‌ಟಾಪ್‌ನಿಂದ ಬಾರದಿದ್ದರೆ ಶಂಕೆಗೆ ಮೂರು ಸ್ಥಳಗಳಿವೆ: ರೂಟರ್‌ನ ನಿಯಮ, ಕ್ಯಾಮೆರಾದ ಗೇಟ್‌ವೇ, ಸಾಧನದ್ದೇ ಆದ ಫೈರ್‌ವಾಲ್.

ಇವುಗಳಲ್ಲಿ ಗೇಟ್‌ವೇ ದೋಷ ಸಿಸಿಟಿವಿಗಳಲ್ಲಿ ಸರ್ವೇಸಾಮಾನ್ಯ. ಜೋಡಿಸಲು ಬಂದ ಕೆಲಸಗಾರರು ಸ್ಥಿರ ವಿಳಾಸ ನಮೂದಿಸಿ, ಗೇಟ್‌ವೇ ಸ್ಥಳವನ್ನು ಖಾಲಿ ಬಿಟ್ಟಿರುತ್ತಾರೆ ಅಥವಾ ಹಳೆಯ ರೂಟರ್‌ನ ವಿಳಾಸವನ್ನೇ ಉಳಿಸಿರುತ್ತಾರೆ. ಲ್ಯಾಪ್‌ಟಾಪ್‌ನ ಕೋರಿಕೆ ಕ್ಯಾಮೆರಾವನ್ನು ತಲುಪುತ್ತದೆ. ಆದರೆ ಉತ್ತರವನ್ನು ಯಾವ ಬಾಗಿಲಿಗೆ ಕೊಡಬೇಕೆಂದು ಕ್ಯಾಮೆರಾಗೆ ತಿಳಿಯದು. ಹತ್ತು ಹೊಸ ನಿಯಮ ಬರೆದರೂ ಇದು ಸರಿಹೋಗದು. ಕ್ಯಾಮೆರಾದಲ್ಲಿ 192.168.20.1 ಎಂದು ಗೇಟ್‌ವೇ ನಮೂದಿಸಿದರೆ ಕ್ಷಣದಲ್ಲಿ ಪರಿಹಾರ.

ವಿಂಡೋಸ್ ಗಣಕಗಳದು ಮತ್ತೊಂದು ಬಗೆ. ಮನೆಯ ಗಣಕಗಳಲ್ಲಿ ಕಡತ ಹಂಚಿಕೆ ಹಾಗೂ ಪಿಂಗ್‌ಗೆ ಸಂಬಂಧಿಸಿದ ಅದರ ಸಿದ್ಧ ನಿಯಮಗಳು ಸಾಮಾನ್ಯವಾಗಿ 'ಸ್ಥಳೀಯ ಉಪಜಾಲ'ಕ್ಕೆ ಸೀಮಿತವಾಗಿರುತ್ತವೆ. ಅಂದರೆ ಪಕ್ಕದ ಉಪಜಾಲದಿಂದ ಬಂದ ಕೋರಿಕೆಯನ್ನು ರೂಟರ್ ಒಳಬಿಟ್ಟರೂ ಗಣಕವೇ ತಿರಸ್ಕರಿಸುತ್ತದೆ. ಆಗ ಬದಲಿಸಬೇಕಾದದ್ದು ಆ ಗಣಕದ ನಿಯಮದಲ್ಲಿನ ವಿಳಾಸ ವ್ಯಾಪ್ತಿಯನ್ನು; ಅದೂ ಅಗತ್ಯವಾದ ಉಪಜಾಲವೊಂದನ್ನು ಸೇರಿಸುವಷ್ಟು ಮಾತ್ರ.

ಮೂರನೆಯ ಹಂತ: ನಿಯಮಗಳ ಅನುಕ್ರಮ ಮತ್ತು ದಿಕ್ಕು

ಪಿಎಫ್‌ಸೆನ್ಸ್, ಓಪನ್‌ಡಬ್ಲ್ಯುಆರ್‌ಟಿ, ಮೈಕ್ರೋಟಿಕ್ ಮುಂತಾದ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಮೊದಲು ಹೊಂದಿಕೆಯಾದ ನಿಯಮವೇ ಅಂತಿಮ. ಕೆಳಗಿನವು ಗಣನೆಗೆ ಬರುವುದಿಲ್ಲ. 'ಎಲ್ಲವನ್ನೂ ತಡೆ' ಎಂಬ ಸಾಲಿನ ಕೆಳಗೆ 'ಮುದ್ರಕಕ್ಕೆ ಅನುಮತಿ' ಎಂದು ಬರೆದರೆ ಅದು ಸತ್ತ ಸಾಲು. ವಿಶೇಷ ನಿಯಮ ಮೇಲೆ, ಸಾಮಾನ್ಯ ನಿಯಮ ಕೆಳಗೆ ಎಂಬುದು ಪಾಲಿಸಬೇಕಾದ ಕ್ರಮ. ಆದರೆ ಇದು ಸಾರ್ವತ್ರಿಕವಲ್ಲ. 2001ರ ಡಿಸೆಂಬರ್‌ನಲ್ಲಿ ಓಪನ್‌ಬಿಎಸ್‌ಡಿ 3.0ರೊಡನೆ ಬಂದ 'ಪಿಎಫ್' ಫೈರ್‌ವಾಲ್‌ನಲ್ಲಿ, 'ಕ್ವಿಕ್' ಎಂಬ ಪದ ಸೇರಿಸದಿದ್ದರೆ ಕೊನೆಯಲ್ಲಿ ಹೊಂದಿಕೆಯಾದ ನಿಯಮವೇ ಜಯಿಸುತ್ತದೆ. ತಮ್ಮ ರೂಟರ್‌ನ ಪದ್ಧತಿ ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳುವುದು ಲೇಸು.

ಎರಡನೆಯದು ದಿಕ್ಕು. ಪಿಎಫ್‌ಸೆನ್ಸ್‌ನಲ್ಲಿ ಉಪಜಾಲದ ನಿಯಮವು ಮಾತು ರೂಟರ್‌ನೊಳಗೆ ಪ್ರವೇಶಿಸುವ ಕಡೆಯಲ್ಲಿ ಅನ್ವಯವಾಗುತ್ತದೆ. ಕ್ಯಾಮೆರಾದಿಂದ ಕುಟುಂಬದ ಗಣಕದತ್ತ ಹೋಗುವುದನ್ನು ತಡೆಯಬೇಕಾದರೆ ನಿಯಮವನ್ನು 20ರ ಪುಟದಲ್ಲಿ ಬರೆಯಬೇಕೇ ಹೊರತು 10ರ ಪುಟದಲ್ಲಲ್ಲ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇದೇ ವಿಚಾರವನ್ನು ವಲಯಗಳ ಭಾಷೆಯಲ್ಲಿ ಹೇಳಲಾಗಿದೆ. 'ಇನ್‌ಪುಟ್' ಎಂದರೆ ರೂಟರ್‌ಗೇ ಬರುವ ಮಾತು, 'ಫಾರ್ವರ್ಡ್' ಎಂದರೆ ರೂಟರ್ ಮೂಲಕ ಬೇರೆಡೆಗೆ ಸಾಗುವ ಮಾತು. ಇವೆರಡನ್ನು ಅದಲುಬದಲು ಮಾಡಿಕೊಂಡರೆ, ಸರಿಯಾಗಿ ಬರೆದ ನಿಯಮವೂ ವ್ಯರ್ಥವಾಗುತ್ತದೆ.

ಮೂರನೆಯದು ಉತ್ತರದ ವಿಚಾರ. ಲಿನಕ್ಸ್‌ನಲ್ಲಿ 2001ರಲ್ಲಿ ಬಂದ 2.4 ಆವೃತ್ತಿಯ ಐಪಿಟೇಬಲ್ಸ್‌ನಿಂದ ಮೊದಲ್ಗೊಂಡು ಇಂದಿನ ಮನೆ ಫೈರ್‌ವಾಲ್‌ಗಳ ತನಕ ಹೆಚ್ಚಿನವು ಸಂಪರ್ಕದ ನೆನಪಿಟ್ಟುಕೊಳ್ಳುತ್ತವೆ. 10ರಿಂದ 20ಕ್ಕೆ ಹೋದ ಕೋರಿಕೆಗೆ ಅನುಮತಿ ಇದ್ದರೆ, ಅದರ ಉತ್ತರ ಹಿಂದಿರುಗಲು ಪ್ರತ್ಯೇಕ ನಿಯಮ ಬೇಡ. ಇದನ್ನು ಅರಿಯದೆ 20ರಿಂದ 10ಕ್ಕೂ ಸಂಪೂರ್ಣ ಅನುಮತಿ ಬರೆಯುವವರುಂಟು. ಕ್ಯಾಮೆರಾ ಉತ್ತರಿಸಲೆಂದು ಬರೆದ ಆ ನಿಯಮ, ಕ್ಯಾಮೆರಾ ತಾನಾಗಿ ಗಣಕದ ಬಾಗಿಲು ತಟ್ಟಲೂ ಅವಕಾಶ ಕೊಡುತ್ತದೆ. ವಿಂಗಡಣೆ ಹೆಸರಿಗೆ ಮಾತ್ರ ಉಳಿಯುತ್ತದೆ.

ಈ ನೆನಪು ಪರೀಕ್ಷಕರನ್ನೂ ಮೋಸಗೊಳಿಸಬಲ್ಲದು. ಹೊಸದಾಗಿ ತಡೆ ನಿಯಮ ಹಾಕಿದರೂ, ಮೊದಲೇ ನಡೆಯುತ್ತಿರುವ ಸಂಪರ್ಕ ಮುಂದುವರಿಯುತ್ತಿರಬಹುದು. ನಿಯಮ ಕೆಲಸ ಮಾಡುತ್ತಿಲ್ಲವೆಂದು ತಿಳಿಯುವ ಮುನ್ನ ಸಂಪರ್ಕಗಳ ಪಟ್ಟಿಯನ್ನು ಅಳಿಸಿ, ಇಲ್ಲವೇ ರೂಟರ್ ಅನ್ನು ಮರುಚಾಲನೆ ಮಾಡಿ ಹೊಸದಾಗಿ ಪರೀಕ್ಷಿಸಬೇಕು.

ತಡೆಯಲ್ಲಿ ಸಿಕ್ಕಿಬೀಳುವ ಅಗತ್ಯ ಸೇವೆಗಳು

20ರ ಉಪಜಾಲದಿಂದ 192.168.0.0/16ಕ್ಕೆ ತಡೆ ಎಂದು ಒಂದೇ ಸಾಲಿನಲ್ಲಿ ಬರೆಯುವುದು ವಾಡಿಕೆ. ಆದರೆ ರೂಟರ್‌ನ 192.168.20.1 ಕೂಡ ಅದೇ ವ್ಯಾಪ್ತಿಯೊಳಗಿದೆ. ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ಡಿಎನ್ಎಸ್ ಸೇವೆಯನ್ನು ರೂಟರ್ ಕೊಡುತ್ತಿದ್ದರೆ ಅದೂ ನಿಂತುಹೋಗಬಹುದು. ಆಗ ಟಿವಿಯಲ್ಲಿ 'ಅಂತರಜಾಲವಿಲ್ಲ' ಎಂಬ ಸಂದೇಶ ಕಾಣುತ್ತದೆ. 8.8.8.8 ಎಂಬ ವಿಳಾಸಕ್ಕೆ ಪಿಂಗ್ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ ಎಂದಾದರೆ ತೊಂದರೆ ಡಿಎನ್ಎಸ್‌ನದು.

ಪರಿಹಾರವಾಗಿ 20ರ ನಿಯಮಗಳನ್ನು ಈ ಅನುಕ್ರಮದಲ್ಲಿ ಇರಿಸಬಹುದು:

1. 192.168.20.1ರ ಪೋರ್ಟ್ 53ಕ್ಕೆ, ಟಿಸಿಪಿ ಮತ್ತು ಯುಡಿಪಿ ಎರಡರಲ್ಲೂ ಅನುಮತಿ.
2. ಗಡಿಯಾರ ಸರಿಹೊಂದಿಸಲು ರೂಟರ್‌ನ ಯುಡಿಪಿ ಪೋರ್ಟ್ 123ಕ್ಕೆ ಅನುಮತಿ, ರೂಟರ್ ಆ ಸೇವೆ ಕೊಡುತ್ತಿದ್ದರೆ.
3. ಕ್ಯಾಮೆರಾದ ವಿಳಾಸದಿಂದ ಬೇರೆಲ್ಲ ಕಡೆಗೂ ತಡೆ, ಹೊರಗಿನಿಂದ ನೋಡುವ ಅಗತ್ಯವಿಲ್ಲದಿದ್ದರೆ.
4. 192.168.0.0/16ಕ್ಕೆ ತಡೆ.
5. ಉಳಿದಂತೆ ಅಂತರಜಾಲಕ್ಕೆ ಅನುಮತಿ.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅತಿಥಿ ವಲಯದ 'ಇನ್‌ಪುಟ್' ಮುಚ್ಚಿದಾಗ, ವಿಳಾಸ ವಿತರಿಸುವ ಡಿಎಚ್‌ಸಿಪಿಗಾಗಿ ಯುಡಿಪಿ ಪೋರ್ಟ್ 67ನ್ನೂ ಪ್ರತ್ಯೇಕವಾಗಿ ತೆರೆಯಬೇಕಾಗುತ್ತದೆ. ಅದನ್ನು ಮರೆತಲ್ಲಿ ಅತಿಥಿಗಳ ಮೊಬೈಲ್ 'ವಿಳಾಸ ಪಡೆಯಲಾಗುತ್ತಿದೆ' ಎಂಬಲ್ಲೇ ನಿಂತುಬಿಡುತ್ತದೆ.

ಮುದ್ರಕ, ಟಿವಿ ಏಕೆ ಕಾಣಿಸುವುದಿಲ್ಲ?

ಪಿಂಗ್ ಯಶಸ್ವಿ, ನಿಯಮ ಸರಿ. ಆದರೂ ಮೊಬೈಲ್‌ನ ಪಟ್ಟಿಯಲ್ಲಿ ಮುದ್ರಕ ಕಾಣದು. ಇದು ಫೈರ್‌ವಾಲ್‌ನ ತಪ್ಪಲ್ಲ. ಮುದ್ರಕಗಳು ತಮ್ಮ ಇರವನ್ನು 224.0.0.251 ಎಂಬ ವಿಳಾಸದಲ್ಲಿ, ಯುಡಿಪಿ ಪೋರ್ಟ್ 5353ರ ಮೂಲಕ ಸಾರುತ್ತವೆ. ಈ ಡಂಗುರ ಆಯಾ ಉಪಜಾಲದೊಳಗೆ ಮಾತ್ರ ಕೇಳಿಸುವಂತೆ ರೂಪಿತವಾಗಿದ್ದು, ರೂಟರ್ ಅದನ್ನು ಆಚೆಗೆ ದಾಟಿಸುವುದಿಲ್ಲ. ಹಲವು ಟಿವಿಗಳು ಬಳಸುವ 239.255.255.250, ಪೋರ್ಟ್ 1900ರ ಘೋಷಣೆಯೂ ಸಾಮಾನ್ಯವಾಗಿ ಹೀಗೆಯೇ ಉಪಜಾಲದೊಳಗೆ ಉಳಿಯುತ್ತದೆ.

ಸರಳ ಉಪಾಯವೆಂದರೆ ಮುದ್ರಕಕ್ಕೆ ಸ್ಥಿರ ವಿಳಾಸ ಕೊಟ್ಟು, ಗಣಕದಲ್ಲಿ ಆ ವಿಳಾಸದಿಂದಲೇ ಅದನ್ನು ಸೇರಿಸುವುದು. 10ರಿಂದ 20ಕ್ಕೆ ಹೋಗುವ ದಾರಿಯನ್ನೂ ಮುಚ್ಚಿದ್ದಲ್ಲಿ ಮುದ್ರಕದ ಟಿಸಿಪಿ ಪೋರ್ಟ್ 631 ಅಥವಾ 9100ಕ್ಕೆ ಅನುಮತಿ ಕೊಟ್ಟರೆ ಸಾಕು. ತಾನಾಗಿ ಕಾಣಿಸಲೇಬೇಕು ಎನ್ನುವವರು, ಡಂಗುರವನ್ನು ಒಂದು ಉಪಜಾಲದಿಂದ ಇನ್ನೊಂದಕ್ಕೆ ಪುನರುಚ್ಚರಿಸುವ 'ಅವಾಹಿ'ಯಂತಹ ತಂತ್ರಾಂಶವನ್ನು ರೂಟರ್‌ನಲ್ಲಿ ಅಳವಡಿಸಿಕೊಳ್ಳಬಹುದು.

ಎರಡು ರೂಟರ್‌ಗಳ ಗೊಂದಲ

ಫೈಬರ್ ಸಂಪರ್ಕ ಕೊಡುವವರು ವೈ-ಫೈ ಸಹಿತವಾದ ಪೆಟ್ಟಿಗೆಯೊಂದನ್ನು ಅಳವಡಿಸಿ ಹೋಗುತ್ತಾರೆ. ಮನೆಯವರು ಅದರ ಹಿಂದೆ ತಮ್ಮದೇ ರೂಟರ್ ಇಡುತ್ತಾರೆ. ಕುಟುಂಬದ ಯಾರಾದರೂ ಹಳೆಯ ವೈ-ಫೈಗೇ ಅಂಟಿಕೊಂಡಿದ್ದರೆ ಅವರ ಮೊಬೈಲ್ ಹೊಸ ಫೈರ್‌ವಾಲ್‌ನ ಹೊರಗಿರುತ್ತದೆ. ಒಳಗಿನಿಂದ ಅವರತ್ತ ಹೋಗಲು ಸಾಧ್ಯ, ಅವರಿಂದ ಒಳಗೆ ಬರಲು ಅಸಾಧ್ಯ ಎಂಬ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಎರಡೂ ಪೆಟ್ಟಿಗೆಗಳು 192.168.1.0/24ನ್ನೇ ಬಳಸುತ್ತಿದ್ದರೆ ಗೊಂದಲ ಇಮ್ಮಡಿ. ಹಳೆಯ ಪೆಟ್ಟಿಗೆಯ ವೈ-ಫೈ ಆರಿಸುವುದು, ಸಾಧ್ಯವಿದ್ದಲ್ಲಿ ಅದನ್ನು ಬ್ರಿಡ್ಜ್ ವಿಧಾನಕ್ಕೆ ಬದಲಿಸಿಕೊಡುವಂತೆ ಸಂಪರ್ಕದಾರರನ್ನು ಕೋರುವುದು ಸೂಕ್ತ.

ಸಾಕ್ಷಿ ನುಡಿಯುವ ದಾಖಲೆ

ಇಷ್ಟಾದರೂ ಬಗೆಹರಿಯದಿದ್ದಲ್ಲಿ ಊಹೆಯನ್ನು ಬಿಟ್ಟು ಸಾಕ್ಷ್ಯದ ಮೊರೆ ಹೋಗಬೇಕು. ತಡೆ ನಿಯಮದಲ್ಲಿ 'ಲಾಗ್' ಆಯ್ಕೆಯನ್ನು ತೆರೆದರೆ ಯಾವ ಸಾಲು ಯಾರನ್ನು ತಡೆಯಿತು ಎಂಬುದು ದಾಖಲಾಗುತ್ತದೆ. ಸಾಧನದಲ್ಲಿ ಕಾಣುವ ಸಂದೇಶವೂ ಸುಳಿವೇ. 'ಸಮಯ ಮೀರಿತು' ಎಂದರೆ ಕೋರಿಕೆಯನ್ನು ಯಾರೋ ಸದ್ದಿಲ್ಲದೆ ನುಂಗಿದ್ದಾರೆ, ಇಲ್ಲವೇ ಉತ್ತರಕ್ಕೆ ದಾರಿಯಿಲ್ಲ. 'ನಿರಾಕರಿಸಲಾಯಿತು' ಎಂದು ತಕ್ಷಣ ಬಂದರೆ ಕೋರಿಕೆ ತಲುಪಿದೆ, ಆ ಪೋರ್ಟಿನಲ್ಲಿ ಸೇವೆ ಇಲ್ಲ. ಅಥವಾ ಫೈರ್‌ವಾಲ್ ಬಹಿರಂಗವಾಗಿ ತಿರಸ್ಕರಿಸಿದೆ.

ನಿರ್ಣಾಯಕ ಪರೀಕ್ಷೆಯೆಂದರೆ 'ಟಿಸಿಪಿಡಂಪ್'. 1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಉಪಕರಣವನ್ನು ರೂಟರ್‌ನ ಎರಡೂ ಬದಿಯಲ್ಲಿ ಚಾಲೂ ಮಾಡಿ ಲ್ಯಾಪ್‌ಟಾಪ್‌ನಿಂದ ಪಿಂಗ್ ಕಳುಹಿಸಬೇಕು. ಕೋರಿಕೆ 10ರ ಬದಿಯಲ್ಲಿ ಬಂದು 20ರ ಬದಿಯಲ್ಲಿ ಹೊರಡದಿದ್ದರೆ ತಡೆ ರೂಟರ್‌ನಲ್ಲಿದೆ. 20ರ ಬದಿಯಲ್ಲಿ ಹೊರಟೂ ಉತ್ತರ ಬಾರದಿದ್ದರೆ ದೋಷ ಸಾಧನದ ಕಡೆಯದು. ಉತ್ತರ 20ಕ್ಕೆ ಬಂದು 10ರತ್ತ ದಾಟದಿದ್ದರೆ ಸಂಪರ್ಕದ ನೆನಪಿನಲ್ಲಿ ಅಥವಾ ಹಿಂದಿರುಗುವ ದಾರಿಯಲ್ಲಿ ತೊಡಕಿದೆ. 10ರ ಬದಿಗೇ ಬಾರದಿದ್ದರೆ ಲ್ಯಾಪ್‌ಟಾಪ್‌ನ ಮಾಸ್ಕ್, ವಿಪಿಎನ್‌ಗಳತ್ತ ಮರಳಬೇಕು.

ಐಪಿವಿ6: ಮರೆತ ಹಿತ್ತಿಲ ಬಾಗಿಲು

ಭಾರತದ ಪ್ರಮುಖ ಸಂಪರ್ಕ ಸಂಸ್ಥೆಗಳು ಐಪಿವಿ6 ವಿಳಾಸಗಳನ್ನೂ ಕೊಡುತ್ತಿವೆ. 192.168 ಎಂದು ಬರೆದ ಯಾವ ನಿಯಮವೂ ಅದಕ್ಕೆ ಅನ್ವಯಿಸುವುದಿಲ್ಲ. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ, ಐಪಿವಿ4ರಲ್ಲಿ ತಡೆಯಲಾದ ಕ್ಯಾಮೆರಾ ಐಪಿವಿ6ರ ಮೂಲಕ ಗಣಕವನ್ನು ತಲುಪಬಹುದು. ನಿಯಮಗಳು ಎರಡಕ್ಕೂ ಇರತಕ್ಕದ್ದು. ಆದರೆ ಐಪಿವಿ6ರಲ್ಲಿ ಐಸಿಎಂಪಿ ಸಂದೇಶಗಳನ್ನು ಸಂಪೂರ್ಣ ನಿಲ್ಲಿಸಕೂಡದು. ನೆರೆಯ ಸಾಧನಗಳನ್ನು ಗುರುತಿಸುವ ಕಾರ್ಯವೇ ಅದರಿಂದ ನಡೆಯುತ್ತದೆ.

ಕೊನೆಗೆ ಮಾಡಲೇಬೇಕಾದ ಪರೀಕ್ಷೆ

ಮುದ್ರಕ ಮುದ್ರಿಸಿತು, ಕ್ಯಾಮೆರಾ ಕಾಣಿಸಿತು ಎಂಬಲ್ಲಿಗೆ ಹೆಚ್ಚಿನವರು ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಅರ್ಧ ಕೆಲಸ ಮಾತ್ರ ಮುಗಿದಿರುತ್ತದೆ. ಅನುಮತಿ ದೋಷಪೂರಿತವಾಗಿದ್ದರೆ ಮನೆಮಂದಿ ದೂರುತ್ತಾರೆ. ತಡೆ ದೋಷಪೂರಿತವಾಗಿದ್ದರೆ ಯಾರೂ ದೂರುವುದಿಲ್ಲ. ಆದುದರಿಂದ ಲ್ಯಾಪ್‌ಟಾಪೊಂದನ್ನು ಕೆಲಹೊತ್ತು 20ರ ಉಪಜಾಲಕ್ಕೂ ಬಳಿಕ 30ಕ್ಕೂ ಸೇರಿಸಿ, ಅಲ್ಲಿಂದ ಕುಟುಂಬದ ಗಣಕದ ಕಡತ ಹಂಚಿಕೆಯ ಪೋರ್ಟ್ 445 ಹಾಗೂ ರೂಟರ್‌ನ ನಿರ್ವಹಣಾ ಪುಟವನ್ನು ತೆರೆಯಲು ಯತ್ನಿಸಬೇಕು. ನಿರ್ವಹಣಾ ಪುಟವನ್ನು ರೂಟರ್‌ನ ಮೂರೂ ವಿಳಾಸಗಳಲ್ಲಿ ಪರೀಕ್ಷಿಸುವುದು ಅವಶ್ಯ. ಎರಡೂ ತೆರೆಯದಿದ್ದರೆ ಮಾತ್ರ ಗೋಡೆ ಗಟ್ಟಿಯಾಗಿದೆ ಎನ್ನಬಹುದು.

ಪರೀಕ್ಷೆಗೆಂದು ಹಾಕಿದ ತಾತ್ಕಾಲಿಕ ಅನುಮತಿಗಳನ್ನು ಅಂದೇ ತೆಗೆದುಹಾಕಬೇಕು. ಪ್ರತಿ ನಿಯಮದ ಪಕ್ಕದಲ್ಲಿ ಅದು ಏಕೆ, ಯಾವ ದಿನ ಬರೆದದ್ದು ಎಂಬ ಟಿಪ್ಪಣಿ ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದಕ್ಕೆ ಮೊದಲು ರೂಟರ್‌ನ ಹೊಂದಾಣಿಕೆಗಳ ಪ್ರತಿಯೊಂದನ್ನು ಉಳಿಸಿಕೊಂಡರೆ, ಏನಾದರೂ ಎಡವಟ್ಟಾದಾಗ ಹಿಂದಿನ ಸ್ಥಿತಿಗೆ ಮರಳುವುದು ಐದು ನಿಮಿಷದ ಮಾತು.